ಹಳೆಯ ಕಾರಿನ ಬಿಸಿಗಾಳಿಯ ಬೀಸಣಿಗೆ

ಬೀದರದಂಥ ಊರಿನವನೊಬ್ಬನು ಕಾರಿನೊಳಗೆ ಬಿಸಿಗಾಳಿ ಬೀಸುವ ಯಂತ್ರದ ವಿಷಯವಾಗಿ ಮಾತನಾಡಲು ಹೊರಟಿರುವನೆಂದು ಕೇಳಿ ತಮ್ಮಲ್ಲಿ ಕೆಲವರು ನಗಬಹುದು. ಬೇಸಗೆಯಲ್ಲಿ ಕಾರಿನ ಬಾಗಿಲಿನ ಹಿಡಿಯನ್ನು ಮುಟ್ಟಲಾಗದಷ್ಟು ಬಿಸಿಲು ಕಾಯುವ ನಾಡಿನಲ್ಲಿ ಬಿಸಿಗಾಳಿಯನ್ನು ಹಣಕೊಟ್ಟು ಪಡೆಯಬೇಕೆ ಎಂದು ಕೇಳುವುದು ಸಹಜವೇ. ಆದರೆ ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೆಳಗಿನ ಜಾವ ಐದು ಗಂಟೆಗೆದ್ದು ಬೀದರದಿಂದ ಔರಾದಿಗಾಗಲಿ ಭಾಲ್ಕಿಗಾಗಲಿ ಪ್ರಯಾಣ ಮಾಡಿದವರು ಈ ಪ್ರಶ್ನೆಯನ್ನು ಕೇಳಲಾರರು. ಬೀದರ ನಗರವು ಸಮುದ್ರಮಟ್ಟದಿಂದ 2000 ಅಡಿಗೂ ಹೆಚ್ಚು ಎತ್ತರದ ಕೆಂಗಲ್ಲಿನ ದಿಣ್ಣೆಯ ಮೇಲಿದೆ. ಅಲ್ಲಿಂದ ಇಳಿದು ಮಾಂಜ್ರಾ ನದಿಯ ಬಯಲನ್ನು ಹೊಕ್ಕೊಡನೆ ಚಳಿಗಾಲದಲ್ಲಿ ಮಂಜು ದಾರಿಯನ್ನು ಮುಚ್ಚಿರುತ್ತದೆ. ಕೆಲವು ದಿನ ಉಷ್ಣಮಾನವು 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಆಗ ಮೈಗೆ ಬೇಕಾಗುವುದಕ್ಕಿಂತ ಹೆಚ್ಚಾಗಿ ಗಾಜಿಗೆ ಬಿಸಿಗಾಳಿ ಬೇಕಾಗುತ್ತದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ತಿಂಗಳಲ್ಲಿ ಪರೀಕ್ಷೆಯ ಕೆಲಸದ ಮೇಲೆ ನಾವು ನಾಲ್ವರು ಅಧ್ಯಾಪಕರು ನನ್ನ ಹಳೆಯ ಕಾರಿನಲ್ಲಿ ಔರಾದಿಗೆ ಹೊರಟೆವು. ಹೊರಗೆ ಚಳಿ; ಆದುದರಿಂದ ಕಿಟಕಿಗಳನ್ನೆಲ್ಲ ಏರಿಸಿದ್ದೆವು. ನಾಲ್ವರ ಉಸಿರೂ ಮಾತೂ ಸೇರಿ ಹತ್ತು ನಿಮಿಷದೊಳಗೆ ಎದುರಿನ ಗಾಜು ಹಾಲಿನಂತೆ ಬೆಳ್ಳಗಾಯಿತು. ಬೀಸಣಿಗೆಯ ಗುಂಡಿಯನ್ನು ಒಂದಕ್ಕೆ ತಿರುಗಿಸಿದೆ, ಎರಡಕ್ಕೆ ತಿರುಗಿಸಿದೆ, ಸದ್ದಿಲ್ಲ. ‘ಸತ್ತಿತು’ ಎಂದುಕೊಂಡು ಕೈವಸ್ತ್ರದಿಂದ ಗಾಜನ್ನು ಒರಸುತ್ತ ಮುಂದೆ ಸಾಗಿದೆ. ಒರಸಿದ ಕಡೆ ಒಂದು ಅಂಗೈಯಷ್ಟು ತಿಳಿಯಾಗಿ ಅರೆ ನಿಮಿಷದಲ್ಲಿ ಮತ್ತೆ ಮಸುಕಾಗುತ್ತಿತ್ತು. ನದಿಯನ್ನು ದಾಟಿದ ಮೇಲೆ ಒಂದು ತಿರುವಿನಲ್ಲಿ, ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರಾಲಿಯೊಂದು ಮಂಜಿನಿಂದ ಎದ್ದು ಬಂದಂತೆ ಕಣ್ಣಿಗೆ ಬಿದ್ದಾಗ ನಮಗೂ ಅದಕ್ಕೂ ನಡುವೆ ನಾಲ್ಕು ಮಾರು ಮಾತ್ರ ಉಳಿದಿತ್ತು. ಕಾರು ನಿಂತಿತು, ನಾವು ಉಳಿದೆವು. ಕಬ್ಬಿನ ತುದಿಗಳು ಗಾಜಿಗೆ ತಾಗಿಕೊಂಡಿದ್ದುದನ್ನು ನೋಡುತ್ತ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಈ ಭಾಷಣದ ಮೂಲವು ಆ ಮೌನದಲ್ಲಿದೆ.

ಗಾಜು ಏಕೆ ಮಸುಕಾಗುತ್ತದೆ ಎಂಬುದನ್ನು ಮೊದಲು ವಿಚಾರಿಸೋಣ. ಗಾಳಿಯು ಬಿಸಿಯಾಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲುದು. ತಣ್ಣಗಾದಂತೆಲ್ಲ ಅದರ ಶಕ್ತಿ ಕುಂದುತ್ತದೆ. ನಮ್ಮ ಉಸಿರು ಬೆಚ್ಚಗಿದ್ದು ಆವಿಯಿಂದ ತುಂಬಿರುತ್ತದೆ. ಅದು ಹೊರಗಿನ ಚಳಿಯಿಂದ ತಣ್ಣಗಾಗಿರುವ ಗಾಜಿಗೆ ತಗಲಿದಾಗ ಹಿಡಿಯಲಾರದ ಆವಿಯನ್ನು ಸಣ್ಣ ಸಣ್ಣ ಹನಿಗಳಾಗಿ ಅಲ್ಲಿಯೇ ಬಿಟ್ಟುಬಿಡುತ್ತದೆ. ಇದಕ್ಕೆ ಒರಸುವುದು ಪರಿಹಾರವಲ್ಲ. ಗಾಜನ್ನು ಬೆಚ್ಚಗೆ ಮಾಡಬೇಕು, ಮತ್ತು ಆವಿ ತುಂಬಿದ ಒಳಗಾಳಿಯನ್ನು ನೂಕಿ ಹೊರಗಿನ ಗಾಳಿಯನ್ನು ಬಿಸಿಮಾಡಿ ತರಬೇಕು. ಹೊರಗಿನ ಗಾಳಿಯು ಮಂಜಿನಿಂದ ಒದ್ದೆಯಾಗಿರುವಂತೆ ತೋರಿದರೂ, ಬಿಸಿಯಾದೊಡನೆ ಅದು ಇನ್ನಷ್ಟು ಆವಿಯನ್ನು ಹೀರಲು ಸಿದ್ಧವಾಗುತ್ತದೆ. ಕಾರಿನ ಹೀಟರಿನ ಕೆಲಸ ಇಷ್ಟೇ. ಎಂಜಿನನ್ನು ತಣಿಸಿ ಬಿಸಿಯಾಗಿ ಬಂದ ನೀರಿನಲ್ಲಿ ಒಂದು ಪಾಲು ಚಾಲಕನ ಮುಂದಿನ ಫಲಕದ ಹಿಂದೆ ಅಡಗಿರುವ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ. ಬೀಸಣಿಗೆಯು ಅದರ ಮೂಲಕ ಗಾಳಿಯನ್ನು ನೂಕುತ್ತದೆ. ನಮ್ಮ ಮಿಸ್ತ್ರಿಗಳು ಇದನ್ನು ಬ್ಲೋವರ್ ಎನ್ನುತ್ತಾರೆ. ಏರ್ ಕಂಡೀಷನರ್ ಇರುವ ಕಾರುಗಳಲ್ಲಿ ಬೇಸಗೆಯ ತಂಗಾಳಿಯನ್ನು ನೂಕುವುದೂ ಇದೇ ಬೀಸಣಿಗೆಯೇ.

ಈ ಏರ್ಪಾಡು ಹುಟ್ಟಿದ್ದು ಚಳಿ ದೇಶಗಳಲ್ಲಿ. 1929ರ ಸುಮಾರಿಗೆ ಅಮೆರಿಕದ ಫೋರ್ಡ್ ಕಾರುಗಳಲ್ಲಿ ಎಂಜಿನಿನ ಸುತ್ತಣ ಬಿಸಿಗಾಳಿಯನ್ನೇ ಒಳಗೆ ಬಿಡುತ್ತಿದ್ದರು; ಮುಂದಿನ ದಶಕದಲ್ಲಿ ಬಿಸಿನೀರಿನ ಹೀಟರುಗಳು ಬಳಕೆಗೆ ಬಂದುವು. 1938ರಲ್ಲಿ ನ್ಯಾಶ್ ಕಂಪನಿಯು ಹೊರಗಿನ ಗಾಳಿಯನ್ನು ಸೋಸಿ, ಬಿಸಿಮಾಡಿ, ಬೀಸಣಿಗೆಯಿಂದ ಒಳಗೆ ತರುವ ಕ್ರಮವನ್ನು ಬಳಕೆಗೆ ತಂದಿತು. ಇಂದಿನ ಕಾರುಗಳ ಏರ್ಪಾಡು ಮೂಲತಃ ಅದೇ ಆಗಿದೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ಔರಾದಿನಿಂದ ಹಿಂತಿರುಗಿದ ವಾರದಲ್ಲಿಯೇ ಕಾರನ್ನು ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗನು ಕೈಪೆಟ್ಟಿಗೆಯ ಕೆಳಗೆ ಕೈಹಾಕಿ, ಏನನ್ನೋ ಬಿಚ್ಚಿ, ಒಂದು ತುಂಡು ತಂತಿಯನ್ನು ಸೇರಿಸಿ ಬೆಸೆದು, ಕಾಲು ಗಂಟೆಯೊಳಗೆ ಎಲ್ಲ ವೇಗಗಳಲ್ಲಿಯೂ ಬೀಸಣಿಗೆ ತಿರುಗುವಂತೆ ಮಾಡಿಕೊಟ್ಟನು. ತೆಗೆದುಕೊಂಡ ಹಣವೂ ಕಡಿಮೆ. ನನಗೆ ಬಹಳ ಸಂತೋಷವಾಯಿತು. ಸರಿಯಾಗಿ ಹದಿನೈದು ದಿನಗಳ ಮೇಲೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಭಾಲ್ಕಿಗೆ ಹೋಗುತ್ತಿದ್ದಾಗ, ಫಲಕದ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದಿತು. ಹಿಂದೆಯೇ ಎಳೆಯಾಗಿ ಹೊಗೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಕೀಲಿಯನ್ನು ತಿರುಗಿಸಿ, ಮಕ್ಕಳನ್ನು ಹೊರಗಿಳಿಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿದೆ. ಹೊಗೆ ನಿಂತಿತು. ಹೊಲದಲ್ಲಿ ತೊಗರಿ ಕೊಯ್ಯುತ್ತಿದ್ದವರು ಓಡಿಬಂದು ಒಂದು ಕೊಡ ನೀರನ್ನು ಇಟ್ಟುಕೊಂಡು ನಿಂತರು. ಅದರ ಅವಶ್ಯಕತೆ ಬೀಳಲಿಲ್ಲವೆಂಬುದು ನಮ್ಮ ಪುಣ್ಯ.

ಬೀದರದಲ್ಲಿ ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ; ಕಾರುಗಳ ತಂತಿಯ ಕೆಲಸದಲ್ಲಿಯೇ ಕೂದಲು ನರೆತವರು. ಎಲ್ಲರೂ ಉಸ್ತಾದರೆಂದೇ ಕರೆಯುತ್ತಾರೆ. ಕಾರನ್ನು ಅವರಲ್ಲಿಗೆ ಎಳೆಸಿಕೊಂಡು ಹೋಗಿ ಕಥೆಯನ್ನೆಲ್ಲ ಹೇಳಿದೆ. ಕೇಳಿದ ಮೇಲೆ ಅವರು ಒಂದೇ ಪ್ರಶ್ನೆ ಹಾಕಿದರು.

‘ಸರ್, ಆವತ್ತು ಔರಾದ ದಾರ್ಯಾಗ ನಾಕನೇ ನಂಬರಿಗೆ ಹಾಕಿ ನೋಡಿದ್ರೇನು?’

‘ಇಲ್ಲ ಉಸ್ತಾದ್. ಒಂದು, ಎರಡು ನೋಡಿದೆ. ಸತ್ತಿದೆ ಎಂದು ಬಿಟ್ಟೆ.’

‘ನಾಕಕ್ಕ ಹಾಕಿದ್ರ ತಿರಗತಿತ್ತು ನೋಡ್ರಿ. ಫ್ಯಾನ್ ಸತ್ತಿದ್ದಿಲ್ಲ.’

ನಾನು ತಲೆ ತಗ್ಗಿಸಿದೆ. ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ವಿದ್ಯಾರ್ಥಿಗಳಿಗೆ ‘ನೋಡದೆ ನಿರ್ಣಯಿಸಬೇಡಿ’ ಎಂದು ಬೋಧಿಸುವವನು ಗುಂಡಿಯನ್ನು ಇನ್ನೆರಡು ಹಲ್ಲು ತಿರುಗಿಸಿ ನೋಡಿರಲಿಲ್ಲ. ನೋಡಿದ್ದರೆ ಗಾಜು ತಿಳಿಯಾಗುತ್ತಿತ್ತು. ಆ ಟ್ರಾಲಿಯು ದೂರದಿಂದಲೇ ಕಾಣುತ್ತಿತ್ತು.

ನಾಲ್ಕರಲ್ಲಿ ಮಾತ್ರ ತಿರುಗುವುದಕ್ಕೆ ಕಾರಣವೇನು? ಹಳೆಯ ಕಾರುಗಳಲ್ಲಿ ಬೀಸಣಿಗೆಯ ವೇಗವನ್ನು ಕಡಿಮೆಮಾಡುವ ಉಪಾಯವೆಂದರೆ ವಿದ್ಯುತ್ತಿನ ದಾರಿಯಲ್ಲಿ ಅಡ್ಡಿಯೊಂದನ್ನು ಇಡುವುದು. ಇದಕ್ಕೆ ರೆಸಿಸ್ಟರ್ ಎಂದು ಹೆಸರು. ಒಂದನೆಯ ವೇಗದಲ್ಲಿ ಅಡ್ಡಿ ಹೆಚ್ಚು, ಎರಡರಲ್ಲಿ ಅದಕ್ಕಿಂತ ಕಡಿಮೆ, ಮೂರರಲ್ಲಿ ಇನ್ನೂ ಕಡಿಮೆ. ನಾಲ್ಕನೆಯದರಲ್ಲಿ ಅಡ್ಡಿಯೇ ಇಲ್ಲದೆ ಬ್ಯಾಟರಿಯ ಶಕ್ತಿಯೆಲ್ಲ ನೇರವಾಗಿ ಮೋಟರಿಗೆ ಹೋಗುತ್ತದೆ. ಆದುದರಿಂದ ರೆಸಿಸ್ಟರಿನ ದಾರಿ ಕಡಿದರೆ ಮೊದಲ ಮೂರು ವೇಗಗಳು ಹೋಗುತ್ತವೆ, ಕೊನೆಯದು ಉಳಿಯುತ್ತದೆ. ರೋಗದ ಹೆಸರನ್ನು ರೋಗವೇ ಹೇಳುತ್ತದೆ.

ಈ ಅಡ್ಡಿಯಲ್ಲಿ ಎಷ್ಟು ಶಾಖ ಹುಟ್ಟುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. 1827ರಲ್ಲಿ ಓಮ್ ಎಂಬ ಜರ್ಮನ್ ಪಂಡಿತನು ಪ್ರಕಟಿಸಿದ ನಿಯಮವೂ, 1841ರಲ್ಲಿ ಇಂಗ್ಲೆಂಡಿನ ಜೌಲನು ತೋರಿಸಿದ ನಿಯಮವೂ ಇಲ್ಲಿ ಸಾಕು. ಬ್ಯಾಟರಿಯದು 12 ವೋಲ್ಟು. ಅಡ್ಡಿಯು ಒಂದೂವರೆ ಓಮ್. ನಿಧಾನ ವೇಗದಲ್ಲಿ ಹರಿಯುವ ವಿದ್ಯುತ್ತು 4 ಆಂಪಿಯರ್ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನಾಲ್ಕರ ವರ್ಗ ಹದಿನಾರು. ಅದನ್ನು ಒಂದೂವರೆಯಿಂದ ಗುಣಿಸಿದರೆ 24 ವ್ಯಾಟು. ರೇಡಿಯೊ ರಿಪೇರಿ ಮಾಡುವವರು ಸೀಸವನ್ನು ಕರಗಿಸಲು ಹಿಡಿಯುವ ಬೆಸುಗೆ ಕಡ್ಡಿಯು ಸಾಮಾನ್ಯವಾಗಿ 25 ವ್ಯಾಟಿನದು. ಎಂದರೆ ತಮ್ಮ ಕಾರಿನ ಫಲಕದ ಹಿಂದೆ ಸದಾ ಒಂದು ಬೆಸುಗೆ ಕಡ್ಡಿ ಕಾಯುತ್ತಿರುತ್ತದೆಂದು ತಿಳಿಯಬಹುದು. ಅದು ಸುಡದಿರುವುದು ಹೇಗೆ? ರೆಸಿಸ್ಟರನ್ನು ಗಾಳಿಯ ಕೊಳವೆಯೊಳಗೇ ಇಟ್ಟಿರುತ್ತಾರೆ. ಬೀಸಣಿಗೆಯ ಗಾಳಿಯೇ ಅದನ್ನು ತಣಿಸುತ್ತದೆ. ಗಾಳಿ ಕಡಿಮೆಯಾಗಿ ಶಾಖ ಮಿತಿಮೀರಿದರೆ ದಾರಿಯನ್ನು ಕಡಿದುಹಾಕಲು ಅನೇಕ ಕಾರುಗಳಲ್ಲಿ ಅದರೊಡನೆ ಶಾಖಕ್ಕೆ ಕರಗುವ ಒಂದು ಸಣ್ಣ ಫ್ಯೂಜನ್ನೂ ಸೇರಿಸಿರುತ್ತಾರೆ. ಇದು ಕಾವಲುಗಾರ. ಔರಾದಿನ ದಾರಿಯಲ್ಲಿ ತನ್ನ ಕೆಲಸವನ್ನು ಮಾಡಿ ಬಿದ್ದವನು ಈ ಕಾವಲುಗಾರನೇ. ಗ್ಯಾರೇಜಿನ ಹುಡುಗನು ಅವನ ಜಾಗದಲ್ಲಿ ತಂತಿಯ ತುಂಡನ್ನು ನಿಲ್ಲಿಸಿದನು. ತಂತಿಗೆ ಕರಗುವ ಬುದ್ಧಿಯಿಲ್ಲ.

ಆದರೆ ಕಾವಲುಗಾರನು ಬಿದ್ದುದಾದರೂ ಏತಕ್ಕೆ? ಉಸ್ತಾದರು ಬ್ಲೋವರನ್ನು ಹೊರತೆಗೆದು ನನ್ನ ಮುಂದೆ ಹಿಡಿದರು. ನಾನು ಕಾರನ್ನು ನಿಲ್ಲಿಸುವುದು ಒಂದು ಹುಣಸೆಯ ಮರದ ಕೆಳಗೆ. ಎಂಜಿನಿನ ಮುಚ್ಚಳಕ್ಕೂ ಗಾಜಿಗೂ ನಡುವೆ ಇರುವ ಜಾಲರಿಯ ಮೂಲಕ ಹೊರಗಿನ ಗಾಳಿ ಒಳಬರುತ್ತದಷ್ಟೆ. ಬೇರೆ ಎಲೆಗಳನ್ನು ಆ ಜಾಲರಿ ತಡೆದೀತು, ಹುಣಸೆಯ ಎಲೆಯನ್ನು ತಡೆಯಲಾರದು. ವರ್ಷಗಳ ಎಲೆ, ಬೀದರದ ಕೆಂಪು ಧೂಳು, ಔರಾದ ಭಾಲ್ಕಿಗಳ ಕಡೆಯ ಎರೆಮಣ್ಣಿನ ಕಪ್ಪು ಧೂಳು, ಇಲಿಯೊಂದು ತಂದಿಟ್ಟ ಹತ್ತಿಯ ಉಂಡೆ ಇವೆಲ್ಲವೂ ಸೇರಿ ಬೀಸಣಿಗೆಯ ಚಕ್ರದ ಮಗ್ಗುಲಲ್ಲಿ ಮೆತ್ತೆಯಂತೆ ಕೂತಿದ್ದುವು. ಇದರಿಂದ ಎರಡು ಕೇಡುಗಳಾದುವು: ರೆಸಿಸ್ಟರನ್ನು ತಣಿಸಬೇಕಾದ ಗಾಳಿ ಕಡಿಮೆಯಾಯಿತು, ಧೂಳು ಕೂತು ಎಣ್ಣೆಯಾರಿದ ಬುಷ್ಷಿನಲ್ಲಿ ಮೋಟರಿನ ಅಚ್ಚು ಬಿಗಿಯಾಯಿತು.

ಬಿಗಿಯಾದ ಮೋಟರು ಹೆಚ್ಚು ವಿದ್ಯುತ್ತನ್ನು ಏಕೆ ಎಳೆಯುತ್ತದೆಂಬುದು ಸ್ವಾರಸ್ಯವಾದ ವಿಷಯ. ತಿರುಗುತ್ತಿರುವ ಮೋಟರು ತಾನೇ ಒಂದು ಚಿಕ್ಕ ಡೈನಮೊ ಆಗಿ, ಬರುವ ವಿದ್ಯುತ್ತಿಗೆ ಎದುರಾಗಿ ಒತ್ತುತ್ತಿರುತ್ತದೆ. ವೇಗವಾಗಿ ತಿರುಗಿದಷ್ಟೂ ಈ ಎದುರೊತ್ತಡ ಹೆಚ್ಚು. ಮೋಟರು ಸಿಕ್ಕಿಕೊಂಡು ನಿಂತರೆ ಎದುರೊತ್ತಡವಿಲ್ಲ. ಉಳಿಯುವುದು ಸುತ್ತುತಂತಿಯ ಅಡ್ಡಿ ಮಾತ್ರ. ಅದು ಅರ್ಧ ಓಮ್ ಆಗಿದ್ದರೆ, ರೆಸಿಸ್ಟರಿನ ಒಂದೂವರೆಯೊಡನೆ ಸೇರಿ ಒಟ್ಟು ಎರಡು ಓಮ್. ಹನ್ನೆರಡನ್ನು ಎರಡರಿಂದ ಭಾಗಿಸಿದರೆ 6 ಆಂಪಿಯರ್. ಆರರ ವರ್ಗ ಮೂವತ್ತಾರು. ಒಂದೂವರೆಯಿಂದ ಗುಣಿಸಿದರೆ 54 ವ್ಯಾಟು. ಇಪ್ಪತ್ತನಾಲ್ಕು ಇದ್ದ ಶಾಖವು ಐವತ್ತನಾಲ್ಕಾಯಿತು, ತಣಿಸುವ ಗಾಳಿಯೂ ಇಲ್ಲವಾಯಿತು. ಆದರೂ 6 ಆಂಪಿಯರಿಗೆ ಕಾರಿನ ದೊಡ್ಡ ಫ್ಯೂಜು ಸುಡುವುದಿಲ್ಲ. ಅದರ ಮಿತಿ ಸಾಮಾನ್ಯವಾಗಿ ಇಪ್ಪತ್ತರ ಮೇಲೆ. ಆದುದರಿಂದಲೇ ಆ ಸಣ್ಣ ಕಾವಲುಗಾರನು ಬೇಕು. ಅವನಿಲ್ಲದ ಕಾರಣ ಭಾಲ್ಕಿಯ ದಾರಿಯಲ್ಲಿ ರೆಸಿಸ್ಟರಿನ ಪ್ಲಾಸ್ಟಿಕ್ ಕೂಡುಗೊಂಡಿಯು ಕರಗಿತು. ನನ್ನ ಕಾರಿನ ರೋಗವು ಫ್ಯೂಜಿನಲ್ಲಿರಲಿಲ್ಲ, ಹುಣಸೆಯ ಎಲೆಯಲ್ಲಿತ್ತು.

ದೋಷವನ್ನು ಹುಡುಕುವ ಕ್ರಮವನ್ನು ವಿವರಿಸಲು ನಮ್ಮೂರಿನದೇ ಒಂದು ದೃಷ್ಟಾಂತವಿದೆ. ಬೀದರದ ನೌಬಾದಿನಲ್ಲಿ ಬಹಮನಿಯರ ಕಾಲದ ಕರೇಜ್ ಇದೆ. ನೆಲದೊಳಗೆ ಕೊರೆದ ನೀರಿನ ಸುರಂಗವದು. ಅದರ ಉದ್ದಕ್ಕೂ ಸಾಲಾಗಿ ಬಾವಿಗಳಂತೆ ಬಾಯ್ತೆರೆದ ಕಿಂಡಿಗಳಿವೆ. ಸುರಂಗ ಕಟ್ಟಿಕೊಂಡಿತೆನ್ನಿ. ನೆಲವನ್ನೆಲ್ಲ ಅಗೆಯಬೇಕಾಗಿಲ್ಲ, ಒಂದೊಂದೇ ಕಿಂಡಿಯಲ್ಲಿ ಇಣಿಕಿ ನೋಡುತ್ತ ಹೋದರೆ ಒಂದರಲ್ಲಿ ನೀರು ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಕಟ್ಟು ಆ ಎರಡರ ನಡುವೆ ಇದೆ. ವಿದ್ಯುತ್ತಿನ ದಾರಿಯಲ್ಲಿಯೂ ಹೀಗೆಯೇ. ಬ್ಯಾಟರಿ, ಫ್ಯೂಜು, ಸ್ವಿಚ್ಚು, ರೆಸಿಸ್ಟರು, ಮೋಟರು, ಕೊನೆಗೆ ಕಾರಿನ ಕಬ್ಬಿಣದ ಮೈ. ಒಂದೊಂದು ಕೂಡುಗೊಂಡಿಯೂ ಒಂದೊಂದು ಕಿಂಡಿ. ಕಾರುಗಳಿಗೆಂದು ಮಾರುವ 12 ವೋಲ್ಟಿನ ಪರೀಕ್ಷಾ ದೀಪದ ಒಂದು ತುದಿಯನ್ನು ಕಾರಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸಾಲಾಗಿ ಮುಟ್ಟಿಸುತ್ತ ಹೋದರೆ ದೀಪ ಎಲ್ಲಿ ಆರುವುದೋ ಅಲ್ಲಿಗೆ ಸ್ವಲ್ಪ ಹಿಂದೆ ದೋಷವಿರುತ್ತದೆ. ಮೋಟರಿನ ತನಕ ದೀಪ ಉರಿದೂ ಮೋಟರು ತಿರುಗದಿದ್ದರೆ, ಮೋಟರಿನಿಂದ ಕಬ್ಬಿಣಕ್ಕೆ ಹಿಂತಿರುಗುವ ತಂತಿಯನ್ನು ನೋಡಬೇಕು. ನೀರು ಬರುವ ದಾರಿಯಷ್ಟೇ ಹೋಗುವ ದಾರಿಯೂ ಮುಖ್ಯ.

ಮಿಕ್ಕ ಲಕ್ಷಣಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಯಾವ ವೇಗದಲ್ಲಿಯೂ ಸದ್ದಿಲ್ಲದಿದ್ದರೆ ಮೊದಲು ಫ್ಯೂಜು, ಆಮೇಲೆ ಸ್ವಿಚ್ಚು. ಮೂರು ವೇಗಗಳಿದ್ದು ನಾಲ್ಕನೆಯದು ಮಾತ್ರ ಇಲ್ಲದಿದ್ದರೆ ಸ್ವಿಚ್ಚಿನ ಆ ಒಂದು ತಗಲು, ಇಲ್ಲವೆ ಅದರ ರಿಲೇ. ಬ್ಲೋವರಿನ ಮೇಲೆ ಮೆಲ್ಲಗೆ ತಟ್ಟಿದಾಗ ತಿರುಗಲಾರಂಭಿಸಿದರೆ ಕಾರ್ಬನ್ ಬ್ರಷ್ಷುಗಳು ಸವೆದಿವೆ. ಕೀಚಲು ಸದ್ದಾದರೆ ಬುಷ್ಷಿನಲ್ಲಿ ಎಣ್ಣೆಯಿಲ್ಲ. ಟಿಕ್ ಟಿಕ್ ಎಂದರೆ ಎಲೆಯೋ ಕಡ್ಡಿಯೋ ಚಕ್ರಕ್ಕೆ ತಾಗುತ್ತಿದೆ. ಬೀಸಣಿಗೆ ಜೋರಾಗಿ ಮೊರೆದೂ ಗಾಳಿ ಬಾರದಿದ್ದರೆ ಜಾಲರಿ ಕಟ್ಟಿದೆ. ಗಾಳಿ ಚೆನ್ನಾಗಿ ಬಂದೂ ಅದು ತಣ್ಣಗಿದ್ದರೆ ದೋಷವು ಬೀಸಣಿಗೆಯದಲ್ಲ, ಬಿಸಿನೀರಿನದು.

ಇನ್ನು ರಿಪೇರಿ. ಕೈಹಾಕುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚತಕ್ಕದ್ದು. ಏರ್‌ಬ್ಯಾಗುಗಳಿರುವ ಕಾರಾದರೆ ಫಲಕದ ಕೆಲಸವನ್ನು ಅದರಲ್ಲಿ ನುರಿತವರಿಗೇ ಬಿಡಬೇಕು. ಅಲ್ಲಿ ತಪ್ಪಿದ ಕೈಗೆ ಅಪಾಯವುಂಟು. ನಮ್ಮ ದೇಶದ ಹಳೆಯ ಕಾರುಗಳಲ್ಲಿ ಅನೇಕದರಲ್ಲಿ ಬ್ಲೋವರು ಎಡಗಡೆ, ಕೈಪೆಟ್ಟಿಗೆಯ ಕೆಳಗೆ, ಕೆಲವೇ ಸ್ಕ್ರೂಗಳ ಮೇಲೆ ನಿಂತಿರುತ್ತದೆ. ಹೊರತೆಗೆದ ಮೇಲೆ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಅದು ತಾನಾಗಿ ಎರಡು ಮೂರು ಸುತ್ತು ಸುತ್ತಿ ಮೆಲ್ಲಗೆ ನಿಂತರೆ ಆರೋಗ್ಯ. ಬೆರಳು ಬಿಟ್ಟೊಡನೆ ನಿಂತರೆ ರೋಗ. ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯತಕ್ಕದ್ದು, ನೀರು ಕೂಡದು. ಬುಷ್ಷಿಗೆ ಒಂದು ತೊಟ್ಟು ತೆಳುವಾದ ಎಣ್ಣೆ ಸಾಕು. ಹೆಚ್ಚು ಬಿಟ್ಟರೆ ಅದು ಕಾರ್ಬನ್ನಿಗೆ ತಗಲಿ ಹೊಸ ತೊಂದರೆಯನ್ನು ತರುತ್ತದೆ. ಬ್ರಷ್ಷುಗಳು ತೀರ ಗಿಡ್ಡವಾಗಿದ್ದರೆ ಅದೇ ಅಳತೆಯವನ್ನು ಹಾಕಿಸಬಹುದು. ಅವು ಒರಸುವ ತಾಮ್ರದ ಉಂಗುರ ಆಳವಾಗಿ ಸವೆದಿದ್ದರೆ ಮೋಟರನ್ನೇ ಬದಲಿಸುವುದು ಲೇಸು. ರೆಸಿಸ್ಟರು ಸುಟ್ಟಿದ್ದರೆ ಅದರ ಕೂಡುಗೊಂಡಿಯನ್ನೂ ನೋಡಬೇಕು. ಕಂದಿದ ಗೊಂಡಿಯಲ್ಲಿ ಓಮಿನ ಹತ್ತನೆಯ ಒಂದು ಪಾಲು ಅಡ್ಡಿಯಿದ್ದರೂ, 10 ಆಂಪಿಯರ್ ಹರಿಯುವಾಗ ಅಲ್ಲಿಯೇ 10 ವ್ಯಾಟು ಶಾಖ ಹುಟ್ಟಿ ಹೊಸ ರೆಸಿಸ್ಟರಿನ ತುದಿಯನ್ನೂ ಕೆಡಿಸುತ್ತದೆ. ಕೊನೆಯದಾಗಿ, ಎಷ್ಟು ಆಂಪಿಯರಿನ ಫ್ಯೂಜು ಇತ್ತೋ ಅಷ್ಟರದನ್ನೇ ಹಾಕತಕ್ಕದ್ದು. ಪದೇ ಪದೇ ಸುಡುವ ಫ್ಯೂಜು ದೂರು ಹೇಳುತ್ತಿದೆ. ದಪ್ಪ ತಂತಿಯನ್ನು ಹಾಕುವುದೆಂದರೆ ದೂರುಗಾರನ ಬಾಯನ್ನು ಕಟ್ಟಿದಂತೆ.

ಉಸ್ತಾದರು ನನ್ನ ಮೋಟರನ್ನು ಬದಲಿಸಲಿಲ್ಲ. ತೊಳೆಯದೆ, ಒರಸಿ, ಎಣ್ಣೆಯ ತೊಟ್ಟೊಂದನ್ನು ಬಿಟ್ಟು, ಹೊಸ ರೆಸಿಸ್ಟರನ್ನೂ ಹೊಸ ಗೊಂಡಿಯನ್ನೂ ಹಾಕಿ, ಗಾಳಿಯ ಬಾಯಿಗೆ ಒಂದು ತುಂಡು ಸಣ್ಣ ಕಣ್ಣಿನ ಜಾಲರಿಯನ್ನು ಕೂರಿಸಿದರು. ‘ವರ್ಷಕ್ಕೊಮ್ಮೆ ದೀಪಾವಳಿ ಮುಂದ ಇದನ್ನ ಬಿಚ್ಚಿ ಝಾಡಿಸ್ರಿ. ಇಲ್ಲಂದ್ರ ಗಾಡಿ ಹುಣಸಿ ಮರದ ಕೆಳಗ ಬಿಡಬ್ಯಾಡ್ರಿ’ ಎಂದರು. ಮರದ ನೆರಳನ್ನು ಬಿಡಲು ನನಗೆ ಮನಸ್ಸಿಲ್ಲ. ಆದುದರಿಂದ ಪ್ರತಿ ವರ್ಷ ದೀಪಾವಳಿಯ ಮುಂಚೆ ಜಾಲರಿಯನ್ನು ಬಿಚ್ಚಿ ಝಾಡಿಸುತ್ತೇನೆ. ಹಿಡಿ ತುಂಬ ಎಲೆ ಬರುತ್ತದೆ.

ಅದೇ ಕಾರಿನಲ್ಲಿ ಆಮೇಲೆಯೂ ಚಳಿಗಾಲದ ಬೆಳಗುಗಳಲ್ಲಿ ಔರಾದಿಗೆ ಹೋಗಿದ್ದೇನೆ. ನದಿಯ ಬಯಲಿಗೆ ಇಳಿಯುವ ಮೊದಲೇ ಗಾಳಿಯ ಬಾಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿಯ ಕಿಂಡಿಯನ್ನು ತೆರೆದು, ಬೀಸಣಿಗೆಯನ್ನು ಎರಡಕ್ಕೆ ಇಡುತ್ತೇನೆ. ಗಾಜಿನ ಅಡಿಯಿಂದ ತಿಳಿಯಾದ ಒಂದು ಅರ್ಧಚಂದ್ರ ಮೂಡಿ ಮೆಲ್ಲಮೆಲ್ಲಗೆ ಮೇಲಕ್ಕೆ ಹರಡುತ್ತದೆ. ಮುಂದಿನ ಟ್ರಾಲಿಯು ಅದಕ್ಕೆ ದೀಪವಿರಲಿ ಇಲ್ಲದಿರಲಿ ಮಂಜು ಬಿಟ್ಟಷ್ಟು ದೂರದಿಂದ ಕಾಣುತ್ತದೆ. ತಮ್ಮ ಕಾರುಗಳೂ ಹಳೆಯವಾಗಿದ್ದರೆ, ಮಂಜು ಬೀಳುವುದಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಬೀಸಣಿಗೆಯನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿ ಕಿವಿಗೊಟ್ಟು ಕೇಳಿರೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.